ಹನ್ನೊಂದು ನಿಮಿಷ ಮುಂದಿದ್ದ ಸರ್ವರ್

ಬೆಳಿಗ್ಗೆ ಏಳು ಗಂಟೆ ನಲವತ್ತೊಂಬತ್ತು ನಿಮಿಷಕ್ಕೆ ಸರಿಯಾಗಿ ನಮ್ಮ ಬೀದಿಯ ತುದಿಯ ಚಪ್ಪಲಿ ಕಾರ್ಖಾನೆಯ ಸೈರನ್ ಎಂಟು ಗಂಟೆಯಾಯಿತೆಂದು ಕೂಗುತ್ತದೆ. ಮೊದಲು ಗಂಟಲು ಸರಿಪಡಿಸಿಕೊಳ್ಳುವ ಹಾಗೆ ಒಂದು ಗೊರಗೊರ. ಆಮೇಲೆ ಮೆಲ್ಲಗೆ ಏರುತ್ತ ಏರುತ್ತ, ನೀರಿನ ಟ್ಯಾಂಕಿನ ಮೇಲಿನ ಪಾರಿವಾಳಗಳನ್ನೆಲ್ಲ ಎಬ್ಬಿಸಿ, ಅವು ಒಂದು ಸುತ್ತು ಹಾರಿ ಮತ್ತೆ ಬಂದು ಕೂರುವವರೆಗೂ ಬಿಡದ ಉದ್ದನೆಯ ಕೂಗು. ಆ ಕೂಗಿಗೆ ನಮ್ಮ ಅತ್ತೆ ಒಲೆಯ ಮೇಲಿನ ಹಾಲು ಇಳಿಸುತ್ತಾರೆ. ನನ್ನ ಗಂಡ ಕನ್ನಡಿಯ ಮುಂದೆ ನಿಂತು, "ಇನ್ನೂ ಹನ್ನೊಂದು ನಿಮಿಷ ಇದೆ" ಎಂದು ನಿಧಾನವಾಗಿ ತಲೆ ಬಾಚಲು ಶುರುಮಾಡುತ್ತಾರೆ. ಅವರು ಪಕ್ಕದ ಊರಿನ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು, ಎಂಟರ ಬಸ್ಸಿಗೆ ಹೋಗುವವರು. ತಪ್ಪು ಸೈರನ್ನಿನಿಂದ ಸರಿ ಸಮಯವನ್ನು ಕಂಡುಹಿಡಿಯುವುದು ಅವರ ದಿನದ ಮೊದಲ ಲೆಕ್ಕ.

ಆ ಕಾರ್ಖಾನೆಯಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಐದು ತಿಂಗಳಾಗಿತ್ತು. ಹುದ್ದೆಯ ಹೆಸರು ಸಿಸ್ಟಮ್ ಆಡಳಿತಾಧಿಕಾರಿ. ನನ್ನ ಆಡಳಿತಕ್ಕೆ ಒಳಪಟ್ಟ ಮನುಷ್ಯರು ಯಾರೂ ಇರಲಿಲ್ಲ. ಹದಿನಾಲ್ಕು ಕಂಪ್ಯೂಟರುಗಳು, ಎರಡು ಪ್ರಿಂಟರುಗಳು ಮತ್ತು ಒಂದು ಹಳೆಯ ಸರ್ವರ್ ಇದ್ದವು. ಹೊಲಿಗೆ ವಿಭಾಗದ ಹೆಂಗಸರು ನನ್ನನ್ನು ಸಿಸ್ಟಮ್ಮ ಎಂದು ಕರೆಯುತ್ತಿದ್ದರು. ಮೊದಮೊದಲು ಹಾಗೆ ಕೂಗಿದರೆ ಬೇಸರವಾಗುತ್ತಿತ್ತು. ಆಮೇಲಾಮೇಲೆ ಕೂಗದಿದ್ದರೆ ಬೇಸರವಾಗತೊಡಗಿತು.

ಒಂದು ಸೋಮವಾರ ಬೆಳಿಗ್ಗೆ, ಸೈರನ್ ಕೂಗಿ ಮುಗಿಯುತ್ತಿದ್ದಂತೆ, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

"ಇನ್ನು ಐದೇ ದಿನ. ಶುಕ್ರವಾರದೊಳಗೆ ನಮ್ಮ ಹಳೇ ಸರ್ವರ್‌ನ ಮುಖ್ಯ ಕಚೇರಿಯ ಹೊಸ ನೆಟ್‌ವರ್ಕಿಗೆ ಸೇರಿಸ್ತೀನಿ. ಹಾಗೇ ಕೈಬಿಡುವಾದ್ರೆ ಈ ಸೈರನ್‌ಗೂ ಗಡಿಯಾರ ನೋಡೋದು ಕಲಿಸ್ತೀನಿ."

"ಸೈರನ್ ನಿನ್ನ ಸುದ್ದಿಗೆ ಬಂದಿತ್ತಾ?" ಎಂದರು ಗಂಡ, ಬಾಚಣಿಗೆ ನಿಲ್ಲಿಸದೆ.

"ತಪ್ಪು ತಪ್ಪೇ ಅಲ್ವೇನ್ರೀ?"

"ನಿನ್ನೆ ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದಿತ್ತು. ನಾನು ತುಟಿ ಬಿಚ್ಚಿದ್ನಾ?"

"ಉಪ್ಪು ಹಾಕಿದ್ದು ನಾನು" ಎಂದರು ಅತ್ತೆ, ಹಾಲಿನ ಪಾತ್ರೆ ಇಳಿಸುತ್ತ.

ಗಂಡ ತಕ್ಷಣ ಮಾತು ತಿರುಗಿಸಿದರು.

"ಆ ಸರ್ವರ್ ಕೆಲಸ ಎಷ್ಟು ಹೊತ್ತಿಂದು?"

"ಅರ್ಧ ಗಂಟೆ."

"ಮತ್ತೆ ಐದು ದಿನ ಯಾಕೆ?"

"ಉಳಿದದ್ದು ಹೊಗಳಿಸಿಕೊಳ್ಳೋಕೆ."

"ಹಾಗಾದ್ರೆ ನಾಲ್ಕು ದಿನ ಏಳೂವರೆ ಗಂಟೆ ಹೊಗಳಿಕೆ. ಜಾಸ್ತಿಯಾಯ್ತು. ಜೀರ್ಣ ಆಗಲ್ಲ."

ನಾನು ಚೀಲ ಹೆಗಲಿಗೇರಿಸಿ ಹೊರಟೆ. ಸಾಧನೆಗೆ ಹೊರಟವರು ಮನೆಯವರ ಮಾತಿಗೆಲ್ಲ ನಿಲ್ಲಬಾರದು.

ಆ ಸರ್ವರ್ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಅಂಗಡಿಯ ಗಾಜಿನ ಹಿಂದೆ ಸಾಲಾಗಿ ಕೂರುವ ಚಪ್ಪಲಿಗಳಲ್ಲ. ಒಂದು ಕಾಲು ಗಿಡ್ಡ ಇರುವವರು, ಹುಟ್ಟಿನಿಂದಲೇ ಬೆರಳು ಮಡಚಿಕೊಂಡವರು, ಅಪಘಾತದಲ್ಲಿ ಹಿಮ್ಮಡಿಯ ಮೂಳೆ ಕಳೆದುಕೊಂಡವರು, ಇಂಥವರ ಪಾದಕ್ಕೆ ಅಳತೆ ತೆಗೆದು ಒಂದೊಂದಾಗಿ ಮಾಡುವಂಥವು. ಒಮ್ಮೆ ಅಳತೆ ಕೊಟ್ಟವರು ಮತ್ತೆ ಬರಬೇಕಿಲ್ಲ. ಚಪ್ಪಲಿ ಸವೆದಾಗ ಒಂದು ಕಾಗದ ಬರೆದರೆ ಸಾಕು, ಹೊಸದು ಅಂಚೆಯಲ್ಲಿ ಹೋಗುತ್ತದೆ. ಹೀಗೆ ಇಪ್ಪತ್ತೆರಡು ವರ್ಷಗಳಿಂದ ಕೂಡಿಕೊಂಡ ಆರು ಸಾವಿರದ ನಾನೂರು ಜನರ ಪಾದಗಳು ಆ ಸರ್ವರಿನಲ್ಲಿದ್ದವು. ಕಾಗದದ ದಾಖಲೆಗಳನ್ನು ಗೆದ್ದಲು ಯಾವತ್ತೋ ಓದಿ ಮುಗಿಸಿತ್ತು. ಆ ತಂತ್ರಾಂಶ ಬರೆದವರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಅದಂತೂ ತನ್ನ ಹಳೆಯ ಯಂತ್ರ ಬಿಟ್ಟು ಬೇರೆ ಎಲ್ಲಿಯೂ ಬಾಯಿ ಬಿಡುವುದಿಲ್ಲ.

ಈಗ ಮುಖ್ಯ ಕಚೇರಿಯವರು ಎಲ್ಲ ಘಟಕಗಳಿಗೂ ಸೇರಿ ಒಂದು ಹೊಸ ಡೊಮೇನ್ ಕಟ್ಟಿದ್ದರು. ಡೊಮೇನ್ ಎಂದರೆ ಒಂದು ಕೂಡು ಕುಟುಂಬ. ಅದಕ್ಕೊಬ್ಬ ಹಿರಿಯ. ಯಾವ ಯಂತ್ರ ನಮ್ಮದು, ಯಾವುದು ಪರರದು ಎಂದು ತೀರ್ಮಾನಿಸುವುದು ಅವನು. ಶುಕ್ರವಾರ ಸಂಜೆಯೊಳಗೆ ಅವನ ಒಪ್ಪಿಗೆ ಪಡೆದು ಒಳಗೆ ಬಂದ ಯಂತ್ರಗಳು ಉಳಿಯುತ್ತವೆ, ಹೊರಗುಳಿದವನ್ನು ಸುರಕ್ಷತೆಯ ದೃಷ್ಟಿಯಿಂದ ಶಾಶ್ವತವಾಗಿ ಮುಚ್ಚಬೇಕು ಎಂದು ಆದೇಶ ಬಂದಿತ್ತು.

ಆದೇಶವನ್ನು ನಾನು ಅಳತೆ ವಿಭಾಗದ ಮುಖ್ಯಸ್ಥೆಗೆ ಓದಿ ಹೇಳಿದೆ. ಅವರನ್ನು ಎಲ್ಲರೂ ಅಳತೆ ಅಕ್ಕ ಎನ್ನುತ್ತಾರೆ. ಕೊರಳಲ್ಲಿ ಸದಾ ಒಂದು ಟೇಪು, ಎದುರು ನಿಂತವರ ಮುಖಕ್ಕಿಂತ ಮೊದಲು ಪಾದ ನೋಡುವ ಅಭ್ಯಾಸ.

"ಮುಚ್ಚಿದ್ರೆ ಇವರೆಲ್ಲ ಮತ್ತೆ ಬಂದು ಅಳತೆ ಕೊಡಬೇಕಾ?" ಎಂದು ಕೇಳಿದರು.

"ಹೌದಕ್ಕ."

"ಬರೋಕಾಗೋ ಕಾಲಾಗಿದ್ರೆ ನಮ್ಮ ಹತ್ರ ಯಾಕೆ ಅಳತೆ ಬರೆಸ್ತಿದ್ರಮ್ಮ?"

ಉತ್ತರವಿಲ್ಲದ ಕಡೆ ಆತ್ಮವಿಶ್ವಾಸವನ್ನು ಇಟ್ಟೆ. "ನೀವು ನಿಶ್ಚಿಂತೆಯಾಗಿರಿ. ಅರ್ಧ ಗಂಟೆಯ ಕೆಲಸ."

ಸರ್ವರ್ ಇದ್ದದ್ದು ಚರ್ಮದ ಗೋದಾಮಿಗೆ ಅಂಟಿಕೊಂಡ ಒಂದು ಸಣ್ಣ ಕೋಣೆಯಲ್ಲಿ. ಎದೆಯೆತ್ತರದ ಬೂದು ಪೆಟ್ಟಿಗೆ, ಬೆನ್ನಿನಿಂದ ಹೊರಟ ಹತ್ತಾರು ತಂತಿಗಳು, ಹಸಿರು ಅಕ್ಷರಗಳ ಕಪ್ಪು ಪರದೆ. ಸೋಮವಾರ ಹತ್ತು ಗಂಟೆಗೆ ಅದರ ಮುಂದೆ ಕುರ್ಚಿ ಎಳೆದು ಕೂತೆ. ಹೊಸ ಕುಟುಂಬದ ಹೆಸರು ಕೊಟ್ಟೆ. ಗುಟ್ಟಿನ ಪದ ಕೊಟ್ಟೆ. ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಸಾಲು ಮೂಡಿತು: ವಿನಂತಿಯನ್ನು ತಿರಸ್ಕರಿಸಲಾಗಿದೆ.

ಯಾಕೆ ಎಂದು ಅದು ಹೇಳಲಿಲ್ಲ. ದೊಡ್ಡವರು ಕಾರಣ ಹೇಳುವುದಿಲ್ಲ.

ಸೋಮವಾರ ಮುಗಿಯುವುದರೊಳಗೆ ನಾನು ಹದಿನೇಳು ಸಲ ತಿರಸ್ಕೃತಳಾಗಿದ್ದೆ. ಮಂಗಳವಾರ ಕೇಬಲ್ ಬದಲಿಸಿದೆ. ಸರ್ವರಿನ ಹೆಸರು ಬದಲಿಸಿದೆ. ಗುಟ್ಟಿನ ಪದವನ್ನು ಒಂದೊಂದೇ ಬೆರಳಿನಿಂದ, ಒಂದೊಂದೇ ಅಕ್ಷರವಾಗಿ, ಉಸಿರು ಬಿಗಿಹಿಡಿದು ಒತ್ತಿದೆ. ಕೊನೆಗೆ ಸ್ವಾಭಿಮಾನವನ್ನು ಗೋದಾಮಿನಲ್ಲಿಟ್ಟು ಮುಖ್ಯ ಕಚೇರಿಯ ಎಂಜಿನಿಯರಿಗೆ ಫೋನು ಮಾಡಿದೆ. ಅವರು ಪ್ರತಿ ವಾಕ್ಯಕ್ಕೂ ಮುಂಚೆ ಒಂದು ನಿಟ್ಟುಸಿರು ಬಿಡುತ್ತಾರೆ.

"ಮೇಡಂ, ಕೇಬಲ್ ಹಾಕಿದೀರಾ?"

"ಹಾಕಿದೀನಿ ಸರ್."

"ಎರಡೂ ತುದಿ?"

ಅವಮಾನವಾಯಿತು. ಆದರೂ ಫೋನು ಕೆಳಗಿಟ್ಟು ಹೋಗಿ ನೋಡಿ ಬಂದೆ. ಎರಡೂ ತುದಿ ಇತ್ತು.

"ಹಾಗಾದ್ರೆ ಅದಕ್ಕೆ ವಯಸ್ಸಾಗಿದೆ ಮೇಡಂ. ಬಿಟ್ಟುಬಿಡಿ. ಶುಕ್ರವಾರ ಮುಚ್ಚಿಬಿಡೋಣ."

ಸಾವಧಾನವಾಗಿ ಫೋನಿಟ್ಟೆ. ಬಾಗಿಲಲ್ಲಿ ಅಳತೆ ಅಕ್ಕ ನಿಂತಿದ್ದರು. ಕೈಯಲ್ಲೊಂದು ಅಂಚೆ ಕಾಗದ. ದೂರದ ಯಾವುದೋ ಊರಿನ ಹೆಂಗಸೊಬ್ಬಳು ಬರೆದಿದ್ದಳು: ನನ್ನ ಎಡಗಾಲು ನಿಮ್ಮ ಹತ್ತಿರ ಇದೆಯಲ್ಲ, ಅದೇ ಅಳತೆಗೆ ಇನ್ನೊಂದು ಜೊತೆ ಕಳಿಸಿ, ಮಗಳ ಮನೆಗೆ ಹೋಗುವುದಿದೆ. ಅಕ್ಕ ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ನನ್ನ ಪಾದ ನೋಡಿ, ಹೊರಟುಹೋದರು.

ಬುಧವಾರ ನಾನು ಹೊಸ ಡೊಮೇನಿನ ಕೈಪಿಡಿಯನ್ನು ಮೊದಲ ಪುಟದಿಂದ ಓದತೊಡಗಿದೆ. ಎಂಥ ದುರ್ಗತಿ ಬಂದಾಗ ಮನುಷ್ಯರು ಕೈಪಿಡಿ ಓದುತ್ತಾರೆ ಎಂಬುದು ಈ ವೃತ್ತಿಯವರಿಗೆ ಗೊತ್ತು. ಇನ್ನೂರ ಹದಿನಾಲ್ಕನೆಯ ಪುಟದ ಕೆಳಗೆ, ಯಾರಿಗೂ ಕಾಣದಿರಲಿ ಎಂಬಷ್ಟು ಸಣ್ಣ ಅಕ್ಷರದಲ್ಲಿ ಹೀಗಿತ್ತು: ಯಂತ್ರದ ಗಡಿಯಾರಕ್ಕೂ ಡೊಮೇನಿನ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಪ್ರವೇಶವಿಲ್ಲ.

ಸರ್ವರನ್ನು ಸಮಯ ಎಷ್ಟು ಎಂದು ಕೇಳಿದೆ. ಹನ್ನೆರಡು ಇಪ್ಪತ್ತೊಂದು ಎಂದಿತು. ನನ್ನ ಕೈಗಡಿಯಾರದಲ್ಲಿ ಹನ್ನೆರಡು ಹತ್ತು.

ಹನ್ನೊಂದು ನಿಮಿಷ.

ಅದರ ಬೆನ್ನಿನ ತಂತಿಯೊಂದನ್ನು ಹಿಡಿದುಕೊಂಡು ಹೋದೆ. ಅದು ಗೋಡೆ ದಾಟಿ, ಅಂಗಳ ದಾಟಿ, ಸೈರನ್ನಿನ ಶೆಡ್ಡಿಗೆ ಹೋಗಿತ್ತು. ಇನ್ನೊಂದು ಗೋಡೆ ಗಡಿಯಾರಗಳಿಗೆ. ಸೈರನ್ನಿಗೆ ತನ್ನದೇ ಕೆಟ್ಟ ಗಡಿಯಾರವಿದೆ ಎಂದು ಐದು ತಿಂಗಳು ನಂಬಿದ್ದೆ. ಇಡೀ ಬೀದಿ ಕೇಳುವಂತೆ ಉತ್ತರವನ್ನು ದಿನಕ್ಕೆರಡು ಸಲ ಕೂಗಿ ಹೇಳುತ್ತಿದ್ದರೂ ಎರಡು ದಿನ ಕೇಬಲ್ ಬದಲಿಸಿದವಳು ನಾನು. ಈ ಸಂಗತಿಯನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ನಿಮಗೇ ಮೊದಲು.

ಗಡಿಯಾರ ಸರಿಮಾಡಿದೆ. ಗುಂಡಿ ಒತ್ತಿದೆ. ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು: ಸುಸ್ವಾಗತ.

ಆ ಮಧ್ಯಾಹ್ನ ನಾನು ಕಾರ್ಖಾನೆಯ ಉದ್ದಕ್ಕೂ ನಡೆದ ನಡಿಗೆಯನ್ನು ರಾಜ್ಯ ಗೆದ್ದು ಬಂದವರು ಮಾತ್ರ ನಡೆಯಬಲ್ಲರು. ಹೊಲಿಗೆ ಯಂತ್ರಗಳ ಸದ್ದು ನನ್ನ ಸ್ವಾಗತಕ್ಕೇ ಎನ್ನಿಸಿತು. ಅಳತೆ ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಏನು ಮಾಡಿದ್ಯಮ್ಮ? ಎರಡು ದಿನ ಆಗದೇ ಇದ್ದದ್ದು ಈಗ ಹೇಗಾಯ್ತು?"

ಇಲ್ಲಿ ನಾನು 'ಗಡಿಯಾರ ಸರಿಮಾಡಿದೆ' ಎಂದು ಎರಡೇ ಪದ ಹೇಳಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ಆದರೆ ಅಷ್ಟು ದೊಡ್ಡ ವಿಜಯಕ್ಕೆ ಅಷ್ಟು ಸಣ್ಣ ಕಾರಣ ಹೇಳಲು ಮನಸ್ಸು ಬರಲಿಲ್ಲ.

"ಅದೆಲ್ಲ ತಾಂತ್ರಿಕ ವಿಷಯ ಅಕ್ಕ" ಎಂದೆ.

ಗೋಡೆ ಗಡಿಯಾರಗಳು ಊಟದ ಹೊತ್ತಿನಲ್ಲಿ ಹನ್ನೊಂದು ನಿಮಿಷ ಹಿಂದೆ ಸರಿದದ್ದನ್ನು ಯಾರೂ ಹೇಳಲಿಲ್ಲ. ಊಟದ ಬಿಡುವು ಉದ್ದವಾಯಿತೆಂದು ದೂರು ಕೊಡುವ ಕೆಲಸಗಾರರು ಎಲ್ಲಿರುತ್ತಾರೆ? ಕೈಯಲ್ಲಿ ಫೋನೂ ಇರಲಿಲ್ಲ. ನಮ್ಮಲ್ಲಿ ಹೊಲಿಗೆಯವರ ಫೋನು, ಕೈಗಡಿಯಾರ ಎಲ್ಲವೂ ಬೆಳಿಗ್ಗೆಯೇ ಗೇಟು ಕಾಯುವ ಮಾಮನ ಬಳಿಯ ಗೂಡುಗಳಲ್ಲಿ ಸೇರಬೇಕು.

ಸಂಜೆ ಸೈರನ್ ಕೂಗಿದಾಗ ನನ್ನ ಗಡಿಯಾರದಲ್ಲಿ ಸರಿಯಾಗಿ ಐದು. ಸೆಕೆಂಡೂ ಆಚೀಚೆ ಇಲ್ಲ. ಆ ನಿಖರತೆಗೆ ಮೈ ಪುಳಕಗೊಂಡು ಮನೆಗೆ ನಡೆದೆ. ಅತ್ತೆ ಬಾಗಿಲು ತೆರೆದರು. ಗಂಡ ಶಾಲೆಯಿಂದ ಬಂದು ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದರು. ನಾನು ಸರ್ವರಿನ ಕಥೆಯನ್ನು ಪೀಠಿಕೆಯಿಂದ ಶುರುಮಾಡಿ ಇನ್ನೂ ಮುಖ್ಯ ಭಾಗಕ್ಕೆ ಬಂದಿರಲಿಲ್ಲ, ಬೀದಿಯಲ್ಲಿ ಬಹಳ ಚಪ್ಪಲಿಗಳ ಸದ್ದಾಯಿತು.

"ಸಿಸ್ಟಮ್ಮನ ಮನೆ ಇದೇನಾ?"

ಬಾಗಿಲಲ್ಲಿ ಅಳತೆ ಅಕ್ಕ. ಅವರ ಹಿಂದೆ ಮೆಟ್ಟಿಲ ಮೇಲೆ, ಅಂಗಳದಲ್ಲಿ, ಗೇಟಿನಾಚೆ, ಹೊಲಿಗೆ ವಿಭಾಗದ ಇಪ್ಪತ್ತಮೂರು ಹೆಂಗಸರು.

ಅಭಿನಂದಿಸಲು ಬಂದಿದ್ದಾರೆ ಎಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ. "ಅಯ್ಯೋ, ಇಷ್ಟು ಜನ ಯಾಕೆ ಬರೋಕೆ ಹೋದ್ರಿ? ನಾಳೆ ಹೇಳಿದ್ರೂ ಆಗ್ತಿತ್ತು" ಎಂದು ನಾಚಿಕೊಂಡೆ.

"ರೈಲು ಹೋಯ್ತು ಕಣಮ್ಮ" ಎಂದರು ಅಕ್ಕ.

"ಯಾವ ರೈಲು?"

"ನಮ್ಮ ರೈಲು. ಐದು ಗಂಟೆ ಎರಡು ನಿಮಿಷದ್ದು. ಮುಂದಿನದು ಏಳಕ್ಕೆ. ಸ್ಟೇಷನ್ನಲ್ಲಿ ಇರೋದು ಒಂದು ಬೆಂಚು. ಗೇಟಿನ ಮಾಮ ಹೇಳಿದ್ರು, ಗಡಿಯಾರಕ್ಕೆ ಕೈ ಹಾಕಿದವರ ಮನೆ ಹತ್ರಾನೇ ಇದೆ, ಅಲ್ಲೇ ಹೋಗಿ ಕೂತ್ಕೊಳ್ಳಿ ಅಂತ."

ಗಂಡ ಉತ್ತರಪತ್ರಿಕೆಗಳನ್ನು ಎದೆಗವಚಿಕೊಂಡು ಹಿತ್ತಲಿಗೆ ನಡೆದರು. ಹೋಗುವಾಗ ನನ್ನ ಕಿವಿಯ ಬಳಿ, "ಹೊಗಳಿಕೆ ಶುರುವಾಯ್ತು ಅನ್ಸುತ್ತೆ" ಎಂದರು.

ನಮ್ಮ ಮನೆಯಲ್ಲಿದ್ದದ್ದು ಏಳು ಲೋಟ. ಅತ್ತೆ ಅರೆಗಳಿಗೆ ಯೋಚಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರು ಕಾಯಿಸುವ ದೊಡ್ಡ ಪಾತ್ರೆಯಲ್ಲೇ ಚಹಾಕ್ಕಿಟ್ಟರು. ಕೆಲವರು ಬಟ್ಟಲಲ್ಲಿ ಕುಡಿದರು, ಕೆಲವರು ಡಬ್ಬಿಯ ಮುಚ್ಚಳದಲ್ಲಿ. ಬಾರು ಹೊಲಿಯುವ ಹುಡುಗಿಯೊಬ್ಬಳು ಮೆಚ್ಚಿಕೊಂಡು ಹಿಡಿದಿದ್ದ ನೀಲಿ ಮಗ್ಗು ನನ್ನ ಗಂಡ ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಳ್ಳಲು ಬಿಸಿನೀರು ಇಡುವುದು. ನಾನು ಹೇಳಲಿಲ್ಲ. ಹೇಳಬೇಕಾದ ತಪ್ಪುಗಳ ಸಾಲು ಆಗಲೇ ಉದ್ದವಾಗಿತ್ತು.

"ಹನ್ನೊಂದು ನಿಮಿಷ ಮುಂದಿಟ್ಟಿದ್ದು ಬೇಕಂತಲೇ" ಎಂದರು ಅಕ್ಕ, ಹೊಸ್ತಿಲ ಬಳಿ ಕೂತು. "ಹಿಂದಿನ ಮ್ಯಾನೇಜರು ರೈಲಿನವರಿಗೆ ಎರಡು ವರ್ಷ ಕಾಗದ ಬರೆದ್ರು, ರೈಲು ಹತ್ತು ನಿಮಿಷ ತಡ ಮಾಡಿ ಅಂತ. ಆಗಲ್ಲ ಅಂದ್ರು. ಮುಖ್ಯ ಕಚೇರಿಗೆ ಬರೆದ್ರು, ಸಂಜೆ ಸ್ವಲ್ಪ ಬೇಗ ಬಿಡ್ತೀವಿ, ಬೆಳಿಗ್ಗೆ ಅಷ್ಟೇ ಬೇಗ ಶುರುಮಾಡ್ತೀವಿ ಅಂತ. ಎಂಟು ಅಂದ್ರೆ ಎಂಟು, ಐದು ಅಂದ್ರೆ ಐದು ಅಂತ ಉತ್ತರ ಬಂತು. ಆಮೇಲೆ ಅವರು ಯಾರನ್ನೂ ಕೇಳಲಿಲ್ಲ. ಒಂದು ಭಾನುವಾರ ಬಂದು ಗಡಿಯಾರನೇ ಮುಂದೆ ಹಾಕಿದ್ರು. ಎಂಟು ಎಂಟೇ ಆಗಿ ಉಳೀತು, ಐದು ಐದೇ ಆಗಿ ಉಳೀತು. ನಮಗೆ ರೈಲೂ ಸಿಕ್ತು."

"ನನಗೆ ಯಾಕೆ ಯಾರೂ ಹೇಳಲಿಲ್ಲ?"

"ಎಲ್ಲರಿಗೂ ಗೊತ್ತಿರೋದನ್ನ ಯಾರು ಹೇಳ್ತಾರಮ್ಮ? ಮಧ್ಯಾಹ್ನ ನಾನು ಕೇಳಿದ್ದಕ್ಕೆ ನೀನು ತಾಂತ್ರಿಕ ಅಂದೆ. ತಾಂತ್ರಿಕ ಅಂದ್ಮೇಲೆ ನಾವು ಬಾಯಿ ಹಾಕೋದುಂಟಾ?"

ಗೇಟಿನ ಮಾಮನನ್ನು ನಾನು ಕೆಲಸಕ್ಕೆ ಸೇರಿದ ವಾರವೇ ಕೇಳಿದ್ದೆ, ಸೈರನ್ ಯಾಕೆ ಹೀಗೆ ಎಂದು. "ಅದು ಹಾಗೇ ಕಣಮ್ಮ" ಎಂದಿದ್ದರು. ಗಡಿಯಾರದ ಬಗ್ಗೆ ಅಜ್ಞಾನ ಎಂದುಕೊಂಡಿದ್ದೆ. ಪೂರ್ತಿ ವಿವರಣೆಯನ್ನೇ ಕೊಟ್ಟಿದ್ದರು.

ಅಷ್ಟರಲ್ಲಿ ಅಕ್ಕನ ಕಣ್ಣು ಚಹಾ ಹಂಚುತ್ತಿದ್ದ ಅತ್ತೆಯ ಪಾದಗಳ ಮೇಲೆ ನಿಂತಿತ್ತು.

"ಅಮ್ಮಾ, ಸ್ವಲ್ಪ ಅಲ್ಲಿಂದ ಇಲ್ಲಿಗೆ ನಡೀರಿ. ಎಡಗಡೆ ಸೊಂಟ ನೋಯುತ್ತಾ ನಿಮಗೆ?"

"ಮೂವತ್ತು ವರ್ಷದಿಂದ."

"ಸೊಂಟದ್ದಲ್ಲ. ನಿಮ್ಮ ಎಡಗಾಲು ಕಾಲಿಂಚು ಗಿಡ್ಡ. ಕೂತ್ಕೊಳ್ಳಿ."

ಕೊರಳಿನ ಟೇಪು ಇಳಿಯಿತು. ಅತ್ತೆ ನಡುಮನೆಯಲ್ಲಿ ಸಿಂಹಾಸನವೇರಿದ ಹಾಗೆ ಕೂತು ಕಾಲು ಚಾಚಿದರು. ಇಪ್ಪತ್ತಮೂರು ಹೆಂಗಸರು ಸುತ್ತ ನಿಂತು ಅವರ ಹಿಮ್ಮಡಿಯ ಬಗ್ಗೆ ತಜ್ಞ ಅಭಿಪ್ರಾಯ ಕೊಟ್ಟರು. ಆರೂಮುಕ್ಕಾಲಿಗೆ ಎಲ್ಲರೂ ಎದ್ದಾಗ ಅತ್ತೆ ಗೇಟಿನವರೆಗೂ ಹೋಗಿ, "ನಾಳೆ ರೈಲು ತಪ್ಪಿದ್ರೂ ಬನ್ನಿ" ಎಂದು ಕೈಬೀಸಿದರು. ನಾನು ಮೂವತ್ತು ವರ್ಷದ ಸೊಂಟನೋವನ್ನೂ ಒಂದೇ ಸಂಜೆ ಖಾಲಿಯಾದ ಸಕ್ಕರೆ ಡಬ್ಬಿಯನ್ನೂ ತೂಗಿ ನೋಡುತ್ತ ಬಾಗಿಲಲ್ಲಿ ನಿಂತಿದ್ದೆ.

ಗುರುವಾರ ಬೆಳಿಗ್ಗೆ ಸೈರನ್ ಎಂಟಕ್ಕೆ ಸರಿಯಾಗಿ ಕೂಗಿತು. ಅಷ್ಟರೊಳಗೆ ಹಾಲು ಉಕ್ಕಿ, ಒಲೆ ತೊಳೆದು, ನೆಲಕ್ಕೂ ಇಳಿದಿತ್ತು. ಗಂಡ ಕನ್ನಡಿಯ ಮುಂದೆ ಹೋಗಿ, "ಇನ್ನೂ ಹನ್ನೊಂದು ನಿಮಿಷ ಇದೆ" ಎಂದು ಬಾಚಣಿಗೆ ಎತ್ತಿದರು.

"ರೀ, ಸೈರನ್ ಸರಿಮಾಡಿದೀನಿ ನಾನು. ಈಗ ಎಂಟು."

"ಗೊತ್ತು" ಎಂದರು. ಮೂರು ನಿಮಿಷ ಬಾಚಿದರು. ಆಮೇಲೆ ಬಾಚಣಿಗೆ ಕೆಳಗೆ ಬಿತ್ತು, ಮತ್ತು ನಾನು ಮದುವೆಯಾದ ಮೇಲೆ ಮೊದಲ ಸಲ ಗಣಿತದ ಮೇಷ್ಟ್ರೊಬ್ಬರು ಓಡುವುದನ್ನು ಕಂಡೆ. ಬಸ್ಸು ಇವರಿಗಿಂತ ಚೆನ್ನಾಗಿ ಓಡಿತಂತೆ.

ಕಾರ್ಖಾನೆಗೆ ಹೋದವಳೇ ಗಡಿಯಾರವನ್ನು ಹನ್ನೊಂದು ನಿಮಿಷ ಮುಂದೆ ಹಾಕಿದೆ. ರೈಲು ಉಳಿಯಿತು. ಹತ್ತು ನಿಮಿಷಕ್ಕೆ ಫೋನು ಬಂತು. ಮೊದಲು ನಿಟ್ಟುಸಿರು, ಆಮೇಲೆ ಎಂಜಿನಿಯರು.

"ಮೇಡಂ, ನಿಮ್ಮ ಸರ್ವರ್ ಡೊಮೇನಿಂದ ಹೊರಗೆ ಬಿದ್ದಿದೆ."

"ಗೊತ್ತು ಸರ್. ನಾನೇ ಬೀಳಿಸಿದೆ."

"ಯಾಕೆ?"

"ಇಪ್ಪತ್ತನಾಲ್ಕು ಜನ ಹೆಂಗಸರು ಮನೆಗೆ ಹೋಗಬೇಕಿತ್ತು ಸರ್."

ಆ ಕಡೆಯಿಂದ ಈ ಸಲ ಎರಡು ನಿಟ್ಟುಸಿರು ಬಂದವು. "ಮೇಡಂ, ನಾಳೆ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತೆ. ಒಳಗಿದ್ರೆ ಒಳಗೆ, ಹೊರಗಿದ್ರೆ ಹೊರಗೆ. ನಾನೇನೂ ಮಾಡೋಕಾಗಲ್ಲ."

ಹೀಗೆ ಒಂದು ಕಡೆ ಆರು ಸಾವಿರದ ನಾನೂರು ಜನರ ಪಾದ, ಇನ್ನೊಂದು ಕಡೆ ಇಪ್ಪತ್ತನಾಲ್ಕು ಜನರ ರೈಲು. ನಡುವೆ ಹನ್ನೊಂದು ನಿಮಿಷ ಮತ್ತು ನಾನು. ದಾರಿ ಸುಲಭವಿದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಗಡಿಯಾರ ಸರಿಯಾಗಿರಲಿ, ಸೈರನ್ನಿಗೆ ಮಾತ್ರ ನಾಲ್ಕು ನಲವತ್ತೊಂಬತ್ತಕ್ಕೆ ಕೂಗು ಎಂದು ಹೇಳಿದರಾಯಿತು. ಹೇಳಿದೆ. ಸೈರನ್ನಿನ ಹಳೆಯ ತಂತ್ರಾಂಶಕ್ಕೆ ಗಂಟೆ ಮತ್ತು ಅರ್ಧ ಗಂಟೆ ಬಿಟ್ಟು ಬೇರೆ ನಿಮಿಷಗಳೇ ಗೊತ್ತಿರಲಿಲ್ಲ. ನಾಲ್ಕೂವರೆ ಬೇಕೋ, ಐದು ಬೇಕೋ ಎಂದು ಕೇಳಿತು. ಹಳೆಯ ಮ್ಯಾನೇಜರು ಗಡಿಯಾರಕ್ಕೇ ಕೈ ಹಾಕಿದ್ದು ಯಾಕೆ ಎಂದು ಆಗ ತಿಳಿಯಿತು. ಆ ಮನುಷ್ಯ ನನಗಿಂತ ಮುಂಚೆ ಈ ಕುರ್ಚಿಯಲ್ಲಿ ಕೂತು ಇದೇ ಪರದೆಯನ್ನು ದಿಟ್ಟಿಸಿದ್ದರು.

ಶುಕ್ರವಾರ ಮಧ್ಯಾಹ್ನದವರೆಗೂ ನಾನು ಒಂದು ಕಾಗದದ ಮೇಲೆ ಬಹಳ ಭವ್ಯವಾದ ಯೋಜನೆ ಬರೆದೆ. ಸೈರನ್ನಿಗೆ ಪ್ರತ್ಯೇಕ ಯಂತ್ರ, ಅದಕ್ಕೆ ಹೊಸ ತಂತ್ರಾಂಶ, ಎರಡಕ್ಕೂ ನಡುವೆ ಒಂದು ಸೇತುವೆ, ಬಾಣದ ಗುರುತುಗಳು, ಮೂರು ಬಣ್ಣದ ಶಾಯಿ. ಎರಡು ತಿಂಗಳ ಕೆಲಸ. ಉಳಿದದ್ದು ಮೂರು ಗಂಟೆ. ಅಳತೆ ಅಕ್ಕ ಮತ್ತು ಗೇಟಿನ ಮಾಮ ನನ್ನ ಹಿಂದೆ ನಿಂತು ಆ ಬಾಣಗಳನ್ನು ಗೌರವದಿಂದ ನೋಡುತ್ತಿದ್ದರು.

"ಕರೆಂಟ್ ಹೋದಾಗ ಏನು ಮಾಡ್ತೀವಿ ಗೊತ್ತಾಮ್ಮ?" ಎಂದರು ಮಾಮ.

"ಏನು?"

"ಸೈರನ್ ಶೆಡ್ಡಲ್ಲಿ ಒಂದು ಕೈಹಿಡಿ ಇದೆ. ಗರಗರ ತಿರುಗಿಸಿದ್ರೆ ಕೂಗುತ್ತೆ."

ನಾನು ಪೆನ್ನು ಕೆಳಗಿಟ್ಟೆ. ಅಕ್ಕ ಕಾಗದವನ್ನು ಮೆಲ್ಲಗೆ ಮಡಚಿ, "ಇದೂ ಚೆನ್ನಾಗೇ ಇದೆ ಕಣಮ್ಮ, ಬಣ್ಣ ಎಲ್ಲ" ಎಂದು ನನ್ನ ಕೈಗೆ ಕೊಟ್ಟರು.

"ಆದ್ರೆ ದಿನಾ ತಿರುಗಿಸೋರು ಯಾರು?" ಎಂದೆ.

"ನಾನು ಆ ಹೊತ್ತಿಗೆ ಗೂಡಿಂದ ಫೋನು ಕೊಡ್ತಿರ್ತೀನಿ" ಎಂದರು ಮಾಮ.

"ನಾನು ರೈಲಿಗೆ ಓಡಬೇಕು" ಎಂದರು ಅಕ್ಕ.

ಇಬ್ಬರೂ ನನ್ನ ಕಡೆ ನೋಡಿದರು. ಅದೇ ಬೀದಿಯಲ್ಲಿ ಮನೆ, ರೈಲಿನ ಗೊಡವೆ ಇಲ್ಲ, ಕೈಯಲ್ಲಿ ನಿಖರವಾದ ಗಡಿಯಾರ. ಇಡೀ ಕಾರ್ಖಾನೆಯಲ್ಲಿ ಇಷ್ಟು ಅರ್ಹತೆ ಇದ್ದವರು ಇನ್ನೊಬ್ಬರಿರಲಿಲ್ಲ.

ಸೈರನ್ನಿನ ತಂತಿ ಕಿತ್ತೆ. ಗಡಿಯಾರ ಸರಿಮಾಡಿದೆ. ಮೂರು ಗಂಟೆ ನಲವತ್ತು ನಿಮಿಷಕ್ಕೆ ಸರ್ವರ್ ಮತ್ತೆ ಒಳಗೆ ಹೋಯಿತು. ನಾಲ್ಕು ನಲವತ್ತೊಂಬತ್ತಕ್ಕೆ ನಾನು ಶೆಡ್ಡಿನಲ್ಲಿ ಎರಡೂ ಕೈಯಿಂದ ಕೈಹಿಡಿ ಹಿಡಿದು, ಭುಜ ಕಳಚಿ ಬೀಳುವಂತೆ ತಿರುಗಿಸಿದೆ. ಮೊದಲು ಗೊರಗೊರ, ಆಮೇಲೆ ಮೆಲ್ಲಗೆ ಏರಿದ ಕೂಗು. ಬಾಗಿಲ ಸಂದಿಯಿಂದ ನೋಡಿದರೆ ಹೆಂಗಸರು ಸ್ಟೇಷನ್ನಿನ ಕಡೆ ನಡೆಯುತ್ತಿದ್ದರು, ಓಡುತ್ತಿರಲಿಲ್ಲ. ಐದಕ್ಕೆ ಪಟ್ಟಿ ಮುಚ್ಚಿತು. ನಮ್ಮ ಸರ್ವರ್ ಒಳಗಿತ್ತು. ಅದರಲ್ಲಿ ಕೊನೆಯದಾಗಿ ಸೇರಿದ ಹೆಸರು ನಮ್ಮ ಅತ್ತೆಯದು: ಪಾದ ಆರು ಸಾವಿರದ ನಾನೂರ ಒಂದು.

ಇದೆಲ್ಲ ಆಗಿ ನಾಲ್ಕು ತಿಂಗಳಾಯಿತು. ಎರಡು ದಿನದ ಮಟ್ಟಿಗೆ ಎಂದು ಒಪ್ಪಿಕೊಂಡಿದ್ದೆ. ಹೊಸ ಸೈರನ್ 'ಪರಿಶೀಲನೆಯಲ್ಲಿದೆ.' ಮಧ್ಯೆ ನನ್ನ ಕೆಲಸ ಖಾಯಂ ಆಯಿತು. ಆದೇಶದ ಪ್ರತಿಯನ್ನು ಗಂಡ ಎರಡು ಸಲ ಗಟ್ಟಿಯಾಗಿ ಓದಿದರು: ಸಿಸ್ಟಮ್ ಆಡಳಿತಾಧಿಕಾರಿ ಹಾಗೂ ಸೈರನ್.

"'ಹಾಗೂ' ಅನ್ನೋದು ಚೆನ್ನಾಗಿದೆ" ಎಂದರು.

"ನಕ್ಕಿದ್ದು ಸಾಕು. ನಾಳೆ ಒಂದು ನಿಮಿಷ ತಡವಾಗಿ ತಿರುಗಿಸಿದ್ರೆ ನಿಮ್ಮ ಬಸ್ಸು ನನ್ನ ಕೈಲಿದೆ."

ಅಂದಿನಿಂದ ಬೆಳಗಿನ ಚಹಾ ಅವರೇ ಮಾಡುತ್ತಿದ್ದಾರೆ, ನಾನು ಹೊತ್ತಿಗೆ ಸರಿಯಾಗಿ ಹೊರಡಲಿ ಎಂದು.

ಮೊನ್ನೆ ಮುಖ್ಯ ಕಚೇರಿಯಿಂದ ಒಂದು ಪ್ರಶ್ನಾವಳಿ ಬಂತು. ಹೊಸ ಡೊಮೇನ್ ಸೇರಿದ ಮೇಲೆ ನಿಮ್ಮ ಘಟಕದಲ್ಲಿ ಕೈಯಿಂದ ಮಾಡುವ ಕೆಲಸಗಳು ಎಷ್ಟು ಕಡಿಮೆಯಾಗಿವೆ ಎಂದು. ನಾನು ಸುಳ್ಳು ಬರೆಯುವವಳಲ್ಲ. 'ಎರಡು ಹೆಚ್ಚಾಗಿವೆ, ಬೆಳಿಗ್ಗೆ ಒಂದು, ಸಂಜೆ ಒಂದು' ಎಂದು ತುಂಬಿ ಕಳಿಸಿದೆ. ಎಂಜಿನಿಯರಿಂದ ಬರಬೇಕಾದ ನಿಟ್ಟುಸಿರಿಗೆ ಇನ್ನೂ ಕಾಯುತ್ತಿದ್ದೇನೆ.

ಇದನ್ನು ಸರ್ವರ್ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ನನ್ನ ಬಲ ಭುಜ ಎಡದಕ್ಕಿಂತ ಸ್ವಲ್ಪ ದಪ್ಪಗಾಗಿದೆ ಎಂದು ಅಳತೆ ಅಕ್ಕ ಟೇಪು ಹಿಡಿದು ಸಾಬೀತು ಮಾಡಿದ್ದಾರೆ. ಈಗ ಬಾಗಿಲಲ್ಲಿ ಅವರದೇ ದನಿ.

"ಸಿಸ್ಟಮ್ಮ, ನಾಲ್ಕು ನಲವತ್ತೇಳಾಯ್ತು."

"ಬಂದೆ ಅಕ್ಕ, ಒಂದೇ ಒಂದು ವಾಕ್ಯ ಬಾಕಿ ಇದೆ."

"ವಾಕ್ಯ ನಾಳೆನೂ ಇರುತ್ತೆ. ರೈಲು ಇರಲ್ಲ. ಏಳು."

ಎದ್ದೆ. ಅಂಗಳ ದಾಟಲು ಒಂದು ನಿಮಿಷ ಬೇಕು, ಉಳಿದ ಒಂದು ನಿಮಿಷ ನಿಂತೇ ಬರೆಯುತ್ತೇನೆ. ಓದುಗರೇ, ನಾನು ಕಾಲೇಜಿನಲ್ಲಿ ಕಲಿತದ್ದೆಲ್ಲವನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಆ ಕೈಹಿಡಿಯನ್ನು ಇಟ್ಟರೆ, ಹೆಮ್ಮೆಯಿಂದ ಹೇಳುತ್ತೇನೆ, ನಾಲ್ಕು ತಿಂಗಳಲ್ಲಿ ಒಂದು ದಿನವೂ, ಒಂದೇ ಒಂದು ದಿನವೂ ನಾನು ತಡವಾಗಿ ತಿರು—